ಗಾಳಿ ಎಂಜಿನ್ನಿನ ಕಡೆಗೆ

ಮಾರ್ಚ್ ೪

ಈ ಕಾಗದ ನಿನಗಲ್ಲ. ಅವನ ಹೆಸರು ಬರೆಯಲು ಕೈ ಬರಲಿಲ್ಲ, ಅದಕ್ಕೆ ಲಕೋಟೆಯ ಮೇಲೆ ನಿನ್ನದು ಬರೆದಿದ್ದೇನೆ. ನನ್ನ ಗಂಡನ ಜೊತೆ ಹೊರಟುಹೋದ ತಂಗಿಗೆ ಹೇಳುವಂಥ ಮಾತು ಈ ಮೂರು ವರ್ಷದಲ್ಲಿ ನನ್ನ ಹತ್ತಿರ ಒಂದೂ ಹುಟ್ಟಿಲ್ಲ. ನೀನು ಕಳಿಸಿದ ಕಾಗದಗಳನ್ನೆಲ್ಲ ಒಡೆಯದೆ ಒಲೆಗೆ ಹಾಕಿದೆ. ಹಿಂಬದಿಯ ವಿಳಾಸ ಮಾತ್ರ ಬೇಡವೆಂದರೂ ನೆನಪಿನಲ್ಲಿ ಕೂತುಬಿಟ್ಟಿತು. ಫೋನು ಮಾಡಬಹುದಿತ್ತು, ಆದರೆ ನಿನ್ನ ದನಿ ಕೇಳುವುದು ನನ್ನಿಂದಾಗದು.

ವಿಷಯ ಅವನು ಬಿಟ್ಟುಹೋದ ಪಿಕಪ್ಪಿನದು. ಹೊಲಿಗೆ ಮೆಷಿನ್ನಿಗೆ ಬಟ್ಟೆ ಮುಚ್ಚಿಟ್ಟು ಈಗ ಅದನ್ನು ನಾನೇ ಓಡಿಸುತ್ತಿದ್ದೇನೆ. ಬೆಳಿಗ್ಗೆ ಆಸ್ಪತ್ರೆಯ ಹಾಸಿಗೆ ಬಟ್ಟೆ ಲಾಂಡ್ರಿಗೆ, ಮಧ್ಯಾಹ್ನ ಒಗೆದದ್ದು ವಾಪಸು ಆಸ್ಪತ್ರೆಗೆ. ಹೋದ ಸೋಮವಾರ ಸೇತುವೆಯ ಮೇಲೆ ಗಾಡಿಗಳು ಸಾಲುಗಟ್ಟಿ ನಿಂತಿದ್ದಾಗ ಬಾನೆಟ್ಟಿನೊಳಗೆ ಕಲ್ಲು ಹೊಡೆದಂಥ ಸದ್ದು. ರೇಡಿಯೇಟರಿನ ಫ್ಯಾನಿನ ಒಂದು ಎಸಳು ಮುರಿದು ಕೆಳಗಿನ ಹೋಸ್ ಪೈಪನ್ನು ಸೀಳಿಹಾಕಿತ್ತು. ಕುದಿಯುವ ನೀರೆಲ್ಲ ರಸ್ತೆಗೆ. ಹಿಂದಿನವರ ಬೈಗುಳವೆಲ್ಲ ನನಗೆ.

ಎರಡು ಗ್ಯಾರೇಜಿಗೆ ಎಳೆಸಿಕೊಂಡು ಹೋದೆ. ಇಬ್ಬರೂ ಬಾನೆಟ್ ಎತ್ತಿ ನೋಡಿ ನಕ್ಕರು. "ಒಂದು ಗಾಡಿಗೆ ಇನ್ನೊಂದು ಗಾಡಿ ಎಂಜಿನ್ ಕೂರಿಸಿದಾರಲ್ಲಮ್ಮ! ಇದನ್ನ ಮಾಡಿದ ಪುಣ್ಯಾತ್ಮನನ್ನೇ ಕರ್ಕೊಂಡು ಬನ್ನಿ" ಅಂದ ಒಬ್ಬ. ಇನ್ನೊಬ್ಬ, "ಈ ಅಳತೆ ಫ್ಯಾನು ಎಲ್ಲೂ ಸಿಗಲ್ಲ. ಕಾರುಗಳಲ್ಲಿ ಬ್ಯಾಟರಿ ಮೇಲೆ ತಿರುಗೋ ಫ್ಯಾನ್ ಇರುತ್ತಲ್ಲ, ಅದನ್ನ ಹಾಕ್ಕೊಳ್ಳಿ. ನಾನಂತೂ ಕೈ ಹಾಕಲ್ಲ" ಅಂದ.

ಆ ಪುಣ್ಯಾತ್ಮ ನಿನ್ನ ಹತ್ತಿರ ಇದ್ದಾನೆ. ಕೇಳಿ ಬರೆ. ಹಳೆಯ ಫ್ಯಾನನ್ನು ಪೂರ್ತಿ ಕಿತ್ತು ಹಾಕಬಹುದೆ? ಬ್ಯಾಟರಿಯ ಫ್ಯಾನು ಇದಕ್ಕೆ ಸಾಕಾಗುತ್ತದೆಯೆ? ಎಲ್ಲಿ ಕೂರಿಸಬೇಕು? ನಾನೇ ಕೂರಿಸುತ್ತೇನೆ. ಅಲ್ಲಿಯತನಕ ಬಾಡಿಗೆ ವ್ಯಾನು ಹಿಡಿದು ಬಟ್ಟೆ ಸಾಗಿಸುತ್ತಿದ್ದೇನೆ. ಅದು ಬಹಳ ದಿನ ನಡೆಯುವುದಿಲ್ಲ. ಬೇರೆ ಏನೂ ಬರೆಯಬೇಡ.

ಮಾರ್ಚ್ ೧೩

ಅಕ್ಕನಿಗೆ,

ನಿನ್ನ ಅಕ್ಷರ ಕಂಡ ಕೂಡಲೆ ಗ್ಯಾರೇಜಿನ ಮೆಟ್ಟಿಲ ಮೇಲೇ ಕೂತುಬಿಟ್ಟೆ. ಪೋಸ್ಟಿನವನು "ಏನಮ್ಮಾ, ಕೆಟ್ಟ ಸುದ್ದೀನಾ?" ಅಂದ. "ಇಲ್ಲ, ನಮ್ಮಕ್ಕ" ಅಂದೆ. ಪಾಪ, ಅವನಿಗೆ ಏನೂ ಅರ್ಥವಾಗಲಿಲ್ಲ.

ಬೇರೇನೂ ಬರೆಯಬೇಡ ಅಂದಿದ್ದೀಯ, ಬರೆಯುವುದಿಲ್ಲ. ಆದರೆ ಅವರನ್ನು ಏನೆಂದು ಕರೆದು ಬರೆಯಲಿ ಎಂದು ಎರಡು ಹಾಳೆ ಹರಿದೆ. ಹದಿಮೂರನೆಯ ವಯಸ್ಸಿನಿಂದ ಭಾವ ಎಂದೇ ಬಾಯಿಗೆ ರೂಢಿಯಾಗಿದೆ. ಹಾಗೇ ಬರೆಯುತ್ತೇನೆ. ಕೋಪ ಮಾಡಿಕೊಳ್ಳಬೇಡ.

ಭಾವ ಹೇಳಿದ್ದು ಇಷ್ಟು. ಹಳೆಯ ಫ್ಯಾನನ್ನು ಪೂರ್ತಿ ತೆಗೆಯಬಹುದು. ಅದು ವಾಟರ್ ಪಂಪಿನ ಪುಲಿಯ, ಅಂದರೆ ಬೆಲ್ಟು ತಿರುಗಿಸುವ ಚಕ್ರದ ಮೇಲೆ ನಾಲ್ಕು ಬೋಲ್ಟಿನಲ್ಲಿ ಕೂತಿದೆ. ಫ್ಯಾನು ತೆಗೆದ ಮೇಲೆ ಅದೇ ನಾಲ್ಕು ಬೋಲ್ಟು ತಿರುಗಿ ಹಾಕಬೇಕು, ಇಲ್ಲದಿದ್ದರೆ ಪುಲಿಯೇ ಕಳಚಿಕೊಳ್ಳುತ್ತದೆ. ಬೋಲ್ಟು ಉದ್ದವಾಯಿತು ಅನ್ನಿಸಿದರೆ ಫ್ಯಾನಿನಷ್ಟೇ ದಪ್ಪಕ್ಕೆ ವಾಷರು ಕೊಡು. ಆಮೇಲೆ ಪುಲಿಗೂ ರೇಡಿಯೇಟರಿಗೂ ನಡುವೆ ಕೈ ಇಟ್ಟು ನೋಡು. ಆರು ಬೆರಳು ಜಾಗವಿದ್ದರೆ ಹೊಸ ಫ್ಯಾನು ಎಂಜಿನ್ನಿನ ಕಡೆಗೆ ಕೂರುತ್ತದೆ. ಇಲ್ಲದಿದ್ದರೆ ರೇಡಿಯೇಟರಿನ ಮುಂದೆ, ಜಾಲರಿಯ ಹಿಂದೆ. ಎಲ್ಲೇ ಕೂರಿಸು, ಗಾಳಿ ಮಾತ್ರ ಎಂಜಿನ್ನಿನ ಕಡೆಗೇ ಹೋಗಬೇಕು.

ಹೊಸದು ಕೊಳ್ಳುವುದು ಬೇಡವಂತೆ. ಗುಜರಿ ಅಂಗಡಿಯಲ್ಲಿ ಅಪಘಾತವಾದ ಕಾರಿನದು ಸಿಗುತ್ತದೆ. ಹಿಂದಿನಿಂದ ಗುದ್ದಿಸಿಕೊಂಡ ಕಾರಿನದನ್ನೇ ತೆಗೆದುಕೋ. ಮುಂದೆ ಗುದ್ದಿದ್ದಾದರೆ ಫ್ಯಾನಿನ ನಡು ಸೊಟ್ಟಗಾಗಿರುತ್ತದೆ.

ಭಾವನಿಗೆ ಕೈತುಂಬ ಕೆಲಸ. ಅದಕ್ಕೇ ನಾನು ಬರೆಯುತ್ತಿದ್ದೇನೆ. ಕೆಲಸಕ್ಕೆ ಮೊದಲು ಬ್ಯಾಟರಿಯ ವೈರು ಬಿಚ್ಚಿಡು. ಕೈ ಜೋಪಾನ.

ಮಾರ್ಚ್ ೨೪

ಬಿಚ್ಚಿದೆ. ಮೂರು ಬೋಲ್ಟು ಬಂದವು, ನಾಲ್ಕನೆಯದರ ತಲೆ ಸವೆದು ಉರುಟಾಗಿತ್ತು. ತಪ್ಪು ಅಳತೆಯ ಸ್ಪ್ಯಾನರು ಹಾಕಿ ಅದನ್ನು ಉರುಟು ಮಾಡಿದವನು ಅವನೇ ಎಂದು ಅವನಿಗೆ ಹೇಳು. ಒಂದು ಭಾನುವಾರವಿಡೀ ಅದರ ಮೇಲೆ ಹೋಯಿತು. ಬೆರಳ ಗೆಣ್ಣುಗಳ ಚರ್ಮ ಸುಲಿದು ಎರಡು ದಿನ ಬಾಡಿಗೆ ವ್ಯಾನಿನ ಸ್ಟೇರಿಂಗು ಹಿಡಿಯಲಾಗಲಿಲ್ಲ. ಸೀಳಿದ ಹೋಸ್ ಪೈಪನ್ನೂ ಬದಲಿಸಿದೆ.

ಎಂಜಿನ್ನಿನ ಕಡೆ ಮೂರೇ ಬೆರಳು ಜಾಗ. ಹಾಗಾಗಿ ಮುಂದೆಯೇ ಕೂರಿಸಬೇಕು. ಗುಜರಿಯವನು ಕೇಳಿದ ಮೊದಲ ಮಾತು "ಯಾರಿಗಮ್ಮ?" ಎಂದು. "ನನಗೇ" ಅಂದೆ. "ಮನೆಯಲ್ಲಿ ಗಂಡಸರು ಇಲ್ವಾ?" "ಇದ್ದ. ಅವನನ್ನೂ ನಿಮ್ಮಂಥವರೇ ತೂಕಕ್ಕೆ ತಗೊಂಡು ಹೋದರು" ಅಂದೆ. ಆಮೇಲೆ ಅವನು ಬಾಯಿ ಮುಚ್ಚಿಕೊಂಡು ಒಳ್ಳೆಯ ಫ್ಯಾನು ಹುಡುಕಿ ಕೊಟ್ಟ. ಬ್ಯಾಟರಿಗೆ ಹಿಡಿದು ತೋರಿಸಿದ, ಸದ್ದಿಲ್ಲದೆ ತಿರುಗುತ್ತದೆ. "ಒಂದು ಸ್ವಿಚ್ ಹಾಕಿ ಸೀದಾ ಬ್ಯಾಟರಿಗೆ ಕೊಡಿ, ಸಾಕು" ಅಂದ. ರೇಡಿಯೇಟರಿನ ಮೂಲಕ ತೂರಿಸಿ ಕಟ್ಟುವ ಪ್ಲಾಸ್ಟಿಕ್ ಪಟ್ಟಿಗಳನ್ನೂ ಕೊಟ್ಟ.

ಹಾಗೆ ಮಾಡಲೆ? ಅವನನ್ನು ಕೇಳಿ ಬರೆ. ನಿನ್ನ ಜೋಪಾನ ನಿನ್ನ ಹತ್ತಿರವೇ ಇರಲಿ.

ಏಪ್ರಿಲ್ ೪

ಅಕ್ಕನಿಗೆ,

ಎರಡೂ ಬೇಡ, ಎರಡೂ ಬೇಡ! ಸೀದಾ ಸ್ವಿಚ್ಚಿಗೆ ಕೊಟ್ಟರೆ ಅಷ್ಟು ಕರೆಂಟು ತಡೆಯದೆ ಸ್ವಿಚ್ಚು ನಿನ್ನ ಮೊಣಕಾಲಿನ ಹತ್ತಿರವೇ ಕರಗುತ್ತದೆ. ಆ ಪಟ್ಟಿಗಳು ಗಾಡಿಯ ಅದುರಾಟಕ್ಕೆ ರೇಡಿಯೇಟರಿನ ಕೊಳವೆಗಳನ್ನು ಉಜ್ಜಿ ಉಜ್ಜಿ ಆರು ತಿಂಗಳಲ್ಲಿ ತೂತು ಮಾಡುತ್ತವೆ. ಕಬ್ಬಿಣದ ಎರಡು ಪಟ್ಟಿ ಅಡ್ಡ ಕೊಟ್ಟು ಗಾಡಿಯ ಚೌಕಟ್ಟಿಗೆ ಬೋಲ್ಟು ಹಾಕಿ, ಅದರ ಮೇಲೆ ಫ್ಯಾನು ಕೂರಿಸು.

ವೈರಿಂಗಿಗೆ ಭಾವ ಚಿತ್ರ ಬರೆದುಕೊಟ್ಟಿದ್ದಾರೆ, ಒಳಗಿದೆ. ನಡುವಿನ ಚೌಕ ರಿಲೇ. ಫ್ಯಾನಿಗೆ ಬೇಕಾದ ದೊಡ್ಡ ಕರೆಂಟು ಬ್ಯಾಟರಿಯಿಂದ ಫ್ಯೂಸು ದಾಟಿ, ರಿಲೇ ದಾಟಿ ಫ್ಯಾನಿಗೆ ಹೋಗುತ್ತದೆ. ರಿಲೇಯನ್ನು ಎಬ್ಬಿಸುವ ಸಣ್ಣ ಕರೆಂಟು ಮಾತ್ರ ಕೀಯಿಂದ ಬರುತ್ತದೆ, ನೀರಿನ ಬಿಸಿ ನೋಡುವ ಸೆನ್ಸಾರಿನ ಮೂಲಕ. ನೀರು ಕಾದರೆ ಫ್ಯಾನು ತಾನೇ ತಿರುಗುತ್ತದೆ, ಆರಿದರೆ ತಾನೇ ನಿಲ್ಲುತ್ತದೆ. ನೀನು ರಸ್ತೆ ನೋಡಿಕೊಂಡಿದ್ದರೆ ಸಾಕು. ಫ್ಯೂಸನ್ನು ಬ್ಯಾಟರಿಯಿಂದ ಒಂದು ಗೇಣಿನೊಳಗೇ ಹಾಕು. ವೈರಿಗೆ ಕಂಜೂಸಿ ಮಾಡಬೇಡ, ದಪ್ಪದ್ದೇ ಕೊಳ್ಳು.

ಒಂದು ಮಾತು ಗಟ್ಟಿಯಾಗಿ ನೆನಪಿಡು. ಎಂಜಿನ್ನು ನಿಂತಿದ್ದರೂ ಕೀ ಆನ್ ಇದ್ದರೆ ಈ ಫ್ಯಾನು ಯಾವ ಕ್ಷಣದಲ್ಲಾದರೂ ತಿರುಗಬಹುದು. ಮೊದಲೇ ಹೇಳಿ ತಿರುಗುವುದಿಲ್ಲ. ಕೀ ತೆಗೆದು ಜೇಬಿಗೆ ಹಾಕಿಕೊಳ್ಳದೆ ಒಳಗೆ ಕೈ ಹಾಕಬೇಡ. ಸುಲಿದ ಕಡೆ ಗ್ರೀಸು ತಾಗಿಸಬೇಡ, ಕೀವಾಗುತ್ತದೆ.

ನಾವು ಗ್ಯಾರೇಜಿನ ಮೇಲಿನ ಕೋಣೆಯಲ್ಲಿದ್ದೇವೆ. ಕೆಳಗೆ ಬಡಿಯುವ ಸದ್ದಿಗೆ ಲೋಟಗಳು ಕಪಾಟಿನಲ್ಲಿ ನಡೆದಾಡುತ್ತವೆ. ಇದನ್ನು ಬರೆಯಬಾರದಿತ್ತೇನೋ. ಬರೆದಾಯಿತು.

ಏಪ್ರಿಲ್ ೧೪

ತಂಗಿಗೆ,

ತಿರುಗಿತು.

ಮೊದಲ ಸಲ ತಿರುಗಿದಾಗ ಕುಣಿಯುವಷ್ಟು ಖುಷಿಯಾಗಿ ಒಂದು ಸುತ್ತು ಹೋಗಿ ಬಂದೆ. ಬಿಸಿಯ ಮುಳ್ಳು ಇಳಿಯುವ ಬದಲು ಏರಿತು. ಅರ್ಧ ದಿನ ತಲೆ ಚಚ್ಚಿಕೊಂಡೆ. ಕೊನೆಗೆ ಚಿತ್ರದ ಮೂಲೆಯಲ್ಲಿ ಬರೆದಿದ್ದ ಸಾಲು ಕಂಡಿತು: "ಜಾಲರಿಯ ಮುಂದೆ ಕಾಗದದ ಚೂರು ಹಿಡಿ. ಒಳಗೆ ಎಳೆದರೆ ಸರಿ, ಹೊರಗೆ ಹಾರಿದರೆ ವೈರು ಅದಲು ಬದಲು." ಹಿಡಿದೆ. ಕಾಗದ ನನ್ನ ಮುಖಕ್ಕೇ ಹಾರಿತು. ಎರಡು ವೈರು ಬದಲಿಸಿದೆ, ಅಷ್ಟೇ. ನಿನ್ನೆ ತುಂಬಿದ ಗಾಡಿಯಲ್ಲಿ ಆಸ್ಪತ್ರೆಯ ಹಿಂದಿನ ಏರು ಹತ್ತಿ, ಗೇಟಿನ ಮುಂದೆ ಬಿಸಿಲಿನಲ್ಲಿ ಎಂಜಿನ್ನು ಓಡಿಸುತ್ತಲೇ ನಿಂತೆ. ಮುಳ್ಳು ನಡುವಿಗೆ ಬಂತು. ಫ್ಯಾನು ಗುಂಯ್ ಎಂದು ಎದ್ದಿತು. ಮುಳ್ಳು ಇಳಿಯಿತು. ಕಾವಲಿನವನು "ಏನಕ್ಕಾ, ಒಬ್ಬೊಬ್ಬರೇ ನಗ್ತಿದೀರಿ?" ಅಂದ.

ಆ ಚಿತ್ರ ಎಷ್ಟು ಅಚ್ಚುಕಟ್ಟಾಗಿದೆ. ನನ್ನ ಜೊತೆಗಿದ್ದಾಗ ಅವನು ಒಂದು ಗೆರೆಯನ್ನೂ ನೆಟ್ಟಗೆ ಎಳೆದವನಲ್ಲ; ಸಿಗರೇಟು ಪೊಟ್ಟಣದ ಮೇಲೆ ಏನೋ ಗೀಚಿ ಎಸೆಯುತ್ತಿದ್ದ. ಒಂಬತ್ತು ವರ್ಷ ಹೊಲಿಗೆ ಮೆಷಿನ್ನಿನ ಸೂಜಿ ಚುಚ್ಚಿಕೊಂಡಾಗಲೂ ನನ್ನ ಕೈಯ ಬಗ್ಗೆ ಒಂದು ಮಾತು ಕೇಳಿದವನಲ್ಲ. ಈಗ ಕೈ ಹಾಕಬೇಡ, ಗ್ರೀಸು ತಾಗಿಸಬೇಡ ಎಂದು ಹೇಳಿ ಕಳಿಸಿದ್ದಾನೆ. ಮನುಷ್ಯ ದೂರ ಹೋದ ಮೇಲೆ ಬದಲಾಗುತ್ತಾನೋ, ಅಥವಾ ನೀನು ಬದಲಾಯಿಸಿದೆಯೋ. ನನಗೆ ಆಗಲಿಲ್ಲ.

ಒಳಗೆ ಮಡಿಸಿಟ್ಟ ಚೀಟಿ ಅವನಿಗೆ. ನೀನು ಓದಬೇಡ.

(ಮಡಿಸಿದ ಚೀಟಿ)

ಗಾಡಿ ಓಡುತ್ತಿದೆ. ನಿಮಗೆ ಹೇಳಬೇಕು ಅನ್ನಿಸಿತು.

ಒಂದು ಸಹಿ ಬೇಕಾಗಿದೆ. ಗಾಡಿಯ ಕಾಗದ ಇನ್ನೂ ನಿಮ್ಮ ಹೆಸರಿನಲ್ಲೇ ಇದೆ. ಕೊಂಡದ್ದು ನನ್ನ ಹೊಲಿಗೆಯ ದುಡ್ಡಿನಿಂದ ಎಂಬುದು ನಿಮಗೂ ಗೊತ್ತು, ಅದನ್ನು ಎತ್ತಿ ಆಡಲು ಬರೆಯುತ್ತಿಲ್ಲ. ಓಡಿಸುವವರ ಹೆಸರಿನಲ್ಲೇ ಗಾಡಿ ಇರಬೇಕು, ಜೂನ್ ಕೊನೆಯೊಳಗೆ ಕಾಗದ ತೋರಿಸಬೇಕು ಎಂದು ಆಸ್ಪತ್ರೆಯವರು ಹೊಸದಾಗಿ ಹೇಳಿದ್ದಾರೆ. ಒಪ್ಪಿದರೆ ಫಾರಂ ಕಳಿಸುತ್ತೇನೆ.

ಹೋಗುವ ದಿನ ನೀವು ಹಾಕಿಕೊಂಡಿದ್ದ ಬೂದು ಸ್ವೆಟರಿನ ತೋಳು ಬಿಚ್ಚಿತ್ತು. ಹೊಲಿಯಬೇಕೆಂದು ದಾರವನ್ನೂ ತೆಗೆದಿಟ್ಟಿದ್ದೆ. ಆಮೇಲೆ ಯಾರಾದರೂ ಹೊಲಿದುಕೊಟ್ಟರೋ?

ಮೇ ೧೦

ಅಕ್ಕನಿಗೆ,

ತಡವಾಯಿತು. ಜ್ವರ ಬಂದು ಮಲಗಿದ್ದೆ, ಈಗ ಪರವಾಗಿಲ್ಲ.

ಚೀಟಿ ಕೊಟ್ಟೆ. ನಾನು ಓದಲಿಲ್ಲ. ಅವರು ಓದಿ ಜೇಬಿನಲ್ಲಿಟ್ಟುಕೊಂಡರು. "ಆಗಲಿ ಅಂತ ಬರಿ, ಫಾರಂ ಬರಲಿ ನೋಡೋಣ" ಅಂದರು. ಸ್ವಲ್ಪ ಸಮಯ ಬೇಕಾಗಬಹುದು. ಆಸ್ಪತ್ರೆಯವರ ಹತ್ತಿರ ಇನ್ನೊಂದು ತಿಂಗಳು ಗಡುವು ಕೇಳಿ ನೋಡು. ಅಥವಾ ಸಹಿ ಇಲ್ಲದೆಯೇ ಬೇರೆ ದಾರಿ ಇದೆಯೇನೋ, ಗಾಡಿ ನೋಂದಣಿಯ ಕಚೇರಿಯಲ್ಲಿ ವಿಚಾರಿಸಿದರೆ ಒಳ್ಳೆಯದು.

ಫ್ಯಾನು ಹೇಗಿದೆ? ಹದಿನೈದು ದಿನಕ್ಕೊಮ್ಮೆ ಬ್ರಾಕೆಟ್ಟಿನ ಬೋಲ್ಟು ಬಿಗಿ ಮಾಡು. ಜಾಲರಿಯಲ್ಲಿ ಸಿಕ್ಕಿಕೊಂಡ ಹುಳು, ಕಸ ತೆಗೆ. ನೀನು ಒಬ್ಬಳೇ ನಗುತ್ತಿದ್ದೆ ಎಂದು ಓದಿ ನಾನೂ ಒಬ್ಬಳೇ ನಕ್ಕೆ.

ಮೇ ೨೨

ತಂಗಿಗೆ,

ಫಾರಂ ಇಟ್ಟಿದ್ದೇನೆ. ಎಲ್ಲಿ ಸಹಿ ಮಾಡಬೇಕೋ ಅಲ್ಲಿ ಪೆನ್ಸಿಲಿನಿಂದ ಗುರುತು ಹಾಕಿದೆ. ಅವರಿಗೆ ಬೇರೇನೂ ತೊಂದರೆ ಇಲ್ಲ, ಎರಡು ಸಹಿ ಅಷ್ಟೇ.

ಬೇರೆ ದಾರಿ ಇದೆ, ಕಚೇರಿಯಲ್ಲಿ ಕೇಳಿದೆ. ಗಾಡಿಯ ಯಜಮಾನ ಎಲ್ಲಿದ್ದಾನೆಂದು ತಿಳಿಯದಿದ್ದರೆ ಅರ್ಜಿ ಕೊಡಬೇಕಂತೆ, ನೋಟೀಸು ಹಚ್ಚುತ್ತಾರಂತೆ, ಆರು ವಾರದಲ್ಲಿ ಹೆಸರು ಬದಲಾಗುತ್ತದಂತೆ. ಗುಮಾಸ್ತೆ ಫಾರಂ ಹುಡುಕುತ್ತ, "ನಿಮ್ಮ ಯಜಮಾನರು ಎಲ್ಲಿದಾರೆ ಗೊತ್ತಿಲ್ವೇನ್ರಿ?" ಎಂದು ಕೇಳಿದಳು. "ಗೊತ್ತು. ನನ್ನ ತಂಗಿ ಮನೇಲಿದಾರೆ" ಅಂದೆ. ಅವಳು ಹುಡುಕುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದಳು. ಆ ಮಾತು ಮೂರು ವರ್ಷದಲ್ಲಿ ಮೊದಲ ಸಲ ನನ್ನ ಬಾಯಿಂದ ಬಂದದ್ದು. ಬಂದ ಮೇಲೆ ಅಷ್ಟೇನೂ ಕಹಿ ಅನ್ನಿಸಲಿಲ್ಲ. ಇರುವ ಮನುಷ್ಯನನ್ನು ಕಾಣೆಯಾದವನೆಂದು ಬರೆದುಕೊಡುವುದು ಬೇಡ ಎಂದು ಎದ್ದು ಬಂದೆ.

ಆಸ್ಪತ್ರೆಯ ಉಗ್ರಾಣದ ಹೆಂಗಸು ಗಡುವು ಕೊಡುವುದಿಲ್ಲ. "ನೀವು ಒಳ್ಳೆಯವರೇ ಕಣ್ರಿ, ಆದ್ರೆ ಮೇಲಿನವರು ನನ್ನ ತಲೆ ತಿಂತಾರೆ" ಅನ್ನುತ್ತಾಳೆ. ಹಾಗಾಗಿ ಬೇಗ ಕಳಿಸು.

ನಿನಗೆ ಜ್ವರ ಎಂದು ಬರೆದಿದ್ದೆ. ಚಿಕ್ಕಂದಿನಲ್ಲೂ ಬೇಸಿಗೆ ಬಂದರೆ ಮಲಗುತ್ತಿದ್ದೆ. ನೀರು ಕುದಿಸಿ ಕುಡಿ.

ಜೂನ್ ೧೬

ಫಾರಂ ತಲುಪಿತೆ? ಇನ್ನು ಹದಿನಾಲ್ಕು ದಿನ ಇದೆ. ಅವರಿಗೆ ಮನಸ್ಸಿಲ್ಲದಿದ್ದರೆ ಹಾಗೆಂದು ಬರೆ. ಸುಮ್ಮನಿರಬೇಡ.

ಜೂನ್ ೨೩

ಅಕ್ಕಾ,

ಇದನ್ನು ಓದಿ ಒಲೆಗೆ ಹಾಕು, ಆದರೆ ಓದು.

ಭಾವ ಇಲ್ಲಿಲ್ಲ. ಹೋದ ವರ್ಷ ಜನವರಿಯಲ್ಲಿ ಬಿಡಿಭಾಗ ತರುತ್ತೇನೆಂದು ಹೋದವರು ತಿರುಗಿ ಬರಲಿಲ್ಲ. ಎರಡು ಶರ್ಟು ಬಿಟ್ಟು ಹೋದರು, ನನ್ನ ಕಿವಿಯೋಲೆ ತೆಗೆದುಕೊಂಡು ಹೋದರು. ಎಲ್ಲಿದ್ದಾರೋ ಗೊತ್ತಿಲ್ಲ. ಬಾಡಿಗೆ ಕೊಡಲಾಗದೆ ಗ್ಯಾರೇಜಿನ ಮುದುಕ ಮೇಸ್ತ್ರಿಯ ಮುಂದೆ ನಿಂತೆ. "ಗುಡಿಸ್ತೀಯಾ?" ಅಂದ. ಮೂರು ತಿಂಗಳು ಗುಡಿಸಿದೆ. ಒಂದು ದಿನ ವೈರಿಂಗಿನವನು ಬರಲಿಲ್ಲ, ಒಂದು ಹೆಡ್‌ಲೈಟು ಉರಿಯುತ್ತಿರಲಿಲ್ಲ, ನಾನು ನೋಡಿದೆ, ಉರಿಯಿತು. ಈಗ ಈ ಗ್ಯಾರೇಜಿನ ವೈರಿಂಗು ನನ್ನದೇ. ನಿನಗೆ ಬರೆದದ್ದೆಲ್ಲ ನಾನೇ ಬರೆದದ್ದು. ಗೊತ್ತಿಲ್ಲದ್ದನ್ನು ಮೇಸ್ತ್ರಿಯನ್ನು ಕೇಳಿದೆ. ಚಿತ್ರವೂ ನನ್ನದೇ. ನಾಲ್ಕು ಸಲ ಬರೆದು ಐದನೆಯದನ್ನು ಕಳಿಸಿದೆ.

ಯಾಕೆ ಸುಳ್ಳು ಹೇಳಿದೆ ಎಂದು ಕೇಳುತ್ತೀಯ. ಅವರು ಇಲ್ಲ ಎಂದು ಬರೆದಿದ್ದರೆ ನಿನಗೆ ನನ್ನಿಂದ ಏನು ಬೇಕಿತ್ತು? ಒಂದು ಸಾಲಿನಲ್ಲಿ ಮುಗಿಯುತ್ತಿತ್ತು. ನಿನ್ನ ಬೈಗುಳವೇ ಆಗಲಿ, ಬರುತ್ತಿರಲಿ ಅನ್ನಿಸಿತು. ಆಮೇಲೆ ಆ ಚೀಟಿ ಬಂತು. ಓದಿದೆ, ಅಕ್ಕಾ. ಅದನ್ನು ಓದಿದ ಮೇಲೆ ಯಾವ ಬಾಯಿಂದ ಹೇಳಲಿ? ಜ್ವರ ಬಂದಿರಲಿಲ್ಲ. ಹಾಳೆ ಮುಂದಿಟ್ಟುಕೊಂಡು ದಿನ ಕಳೆದೆ. ಕಚೇರಿಯಲ್ಲಿ ಬೇರೆ ದಾರಿ ಕೇಳು ಎಂದು ಬರೆದೆನಲ್ಲ, ಅಷ್ಟರಲ್ಲೇ ನೀನು ಪಾರಾಗುತ್ತೀಯ, ನಾನು ಬಾಯಿಬಿಡುವುದು ತಪ್ಪುತ್ತದೆ ಅಂದುಕೊಂಡೆ. ಫಾರಂ ಬಂದಾಗ ಅವರ ಸಹಿಯನ್ನು ನಾನೇ ಹಾಕಿಬಿಡಲೆ ಎಂದು ಗ್ಯಾರೇಜಿನ ಹಳೆಯ ಬಿಲ್ಲಿನ ಹಿಂದೆ ಅಭ್ಯಾಸ ಮಾಡಿದೆ. ಸಿಕ್ಕಿಬಿದ್ದರೆ ನಿನ್ನ ಕುತ್ತಿಗೆಗೆ ಬರುತ್ತದೆ ಎಂದು ಬಿಟ್ಟೆ.

ನಾಳೆಯೇ ಹೋಗಿ ಆ ಕಾಣೆಯ ಅರ್ಜಿ ಕೊಡು. ಅವರು ನನ್ನ ಹತ್ತಿರ ಇಲ್ಲ ಎಂದು ಎಲ್ಲಿ ಬೇಕಾದರೂ ಬಂದು ಹೇಳುತ್ತೇನೆ.

ಜುಲೈ ೧

ನಿನ್ನ ಕಾಗದ ಶನಿವಾರ ಬಂತು. ಅವನು ಗುರುವಾರ ಬಂದು ಹೋಗಿದ್ದ.

ಆಸ್ಪತ್ರೆಯ ಹಿಂಬಾಗಿಲಲ್ಲಿ ಗಂಟುಗಳನ್ನು ಇಳಿಸುತ್ತಿದ್ದೆ. ತಿರುಗಿ ನೋಡಿದರೆ ಗಾಡಿಯ ಮುಂದೆ ನಿಂತಿದ್ದಾನೆ. ಮೈ ಇಳಿದಿದೆ, ಕೂದಲಿಗೆ ಬಣ್ಣ ಹಾಕಿದ್ದಾನೆ. ಚೀಟಿಗೆ ಉತ್ತರ ಕೊಡಲು ತಾನೇ ಬಂದ ಎಂದುಕೊಂಡೆ. ನನ್ನ ಸೆರಗಿಗೆ ಕೈ ಒರೆಸಿಕೊಂಡೆ. ಕೂದಲು ಸರಿಮಾಡಿಕೊಂಡೆ. ಇದನ್ನು ನಿನಗೆ ತಿಳಿಯಲಿ ಎಂದೇ ಬರೆಯುತ್ತಿದ್ದೇನೆ.

"ಗಾಡಿ ಮತ್ತೆ ಓಡ್ತಿದೆ ಅಂತ ಇಲ್ಲಿನ ಪರಿಚಯದ ಗ್ಯಾರೇಜಿನವನೊಬ್ಬ ಫೋನ್ ಮಾಡಿದ್ದ" ಅಂದ. ಬಾನೆಟ್ ಎತ್ತಿದ. ಬಗ್ಗಿ ನೋಡಿದ. ವೈರಿನ ಮೇಲೆ ಬೆರಳು ಆಡಿಸಿಕೊಂಡು ರಿಲೇತನಕ ಹೋದ. ಆಮೇಲೆ ನನ್ನ ಕಡೆ ತಿರುಗಿ, "ಯಾರು ಹಾಕಿದ್ದು ಇದನ್ನ? ಚೆನ್ನಾಗಿ ಹಾಕಿದಾನೆ" ಅಂದ.

ಆ ಮಾತಿನಲ್ಲಿ ನನಗೆ ಎಲ್ಲ ತಿಳಿಯಿತು. ಚಿತ್ರ ಬರೆದವನು, ನನ್ನ ಕೈಯ ಬಗ್ಗೆ ಕೇಳಿದವನು, ಚೀಟಿ ಜೇಬಿನಲ್ಲಿಟ್ಟುಕೊಂಡವನು, ಅಂಥ ಒಬ್ಬ ಮನುಷ್ಯನೇ ಇರಲಿಲ್ಲ. ನಾಲ್ಕು ತಿಂಗಳು ನಾನು ಯಾರಿಗೆ ಮೆತ್ತಗಾಗುತ್ತಿದ್ದೆನೋ ಅವನನ್ನು ನೀನು ಗ್ಯಾರೇಜಿನ ಮೇಲಿನ ಕೋಣೆಯಲ್ಲಿ ಕೂತು ಹೊಲಿದಿದ್ದೆ.

"ನಾನೇ ಹಾಕಿದ್ದು" ಅಂದೆ. ನಕ್ಕ. ಜೇಬಿನಿಂದ ಗಾಡಿಯ ಕಾಗದ ತೆಗೆದು ತೋರಿಸಿದ. ಇನ್ನೊಂದು ಕೀಯೂ ಅವನ ಹತ್ತಿರ ಇತ್ತು. ಉಗ್ರಾಣದ ಹೆಂಗಸು ಬಂದಳು, ಕಾವಲಿನವನು ಬಂದ, ಕಾಗದ ಓದಿದರು, ಅವನ ಕೈಗೇ ತಿರುಗಿ ಕೊಟ್ಟರು. "ಗಂಟು ಇಳಿಸ್ಕೋ, ಅವಸರ ಇಲ್ಲ" ಅಂದ. ಅಷ್ಟು ಔದಾರ್ಯ. ಕೊನೆಯ ಗಂಟು ಇಳಿಸಿದ ಮೇಲೆ ಗಾಡಿ ತೆಗೆದುಕೊಂಡು ಹೋದ. ಗೇಟಿನ ಹತ್ತಿರ ಫ್ಯಾನು ಎದ್ದ ಸದ್ದು ಕೇಳಿಸಿತು.

ಮಾರ್ಚಿನಲ್ಲಿ ನೀನು ನಿಜ ಬರೆದಿದ್ದರೆ ಆರು ವಾರದಲ್ಲಿ ಗಾಡಿ ನನ್ನದಾಗುತ್ತಿತ್ತು. ಮೇ ತಿಂಗಳಲ್ಲಿ ಬರೆದಿದ್ದರೂ ಅರ್ಜಿ ಒಂದು ಕಚೇರಿಯಲ್ಲಿ ಇರುತ್ತಿತ್ತು, ಅವನ ಮುಂದೆ ಹಿಡಿಯಲು ನನ್ನ ಕೈಯಲ್ಲೂ ಒಂದು ಕಾಗದ ಇರುತ್ತಿತ್ತು. ಕೆಟ್ಟು ನಿಂತ ಗಾಡಿಯನ್ನು ಅವನು ತಿರುಗಿಯೂ ನೋಡುತ್ತಿರಲಿಲ್ಲ. ನಾವಿಬ್ಬರೂ ಸೇರಿ ಅದನ್ನು ಅವನಿಗೆ ಓಡುವ ಹಾಗೆ ಮಾಡಿಕೊಟ್ಟೆವು.

ನೀನು ಅವನನ್ನು ಕರೆದುಕೊಂಡು ಹೋದದ್ದನ್ನು ನುಂಗಿಕೊಳ್ಳುತ್ತಿದ್ದೆನೇನೋ. ಆಗ ನಿನಗೆ ಇಪ್ಪತ್ತೆರಡು, ಅವನಿಗೆ ನಲವತ್ತು. ಯಾರು ಯಾರನ್ನು ಕರೆದುಕೊಂಡು ಹೋದರು ಎಂಬುದು ನನಗೂ ಗೊತ್ತಾಗದೆ ಇಲ್ಲ. ಆದರೆ ಆ ಸ್ವೆಟರಿನ ಮಾತು ಓದಿಯೂ "ಓದಲಿಲ್ಲ" ಎಂದು ಬರೆದೆಯಲ್ಲ. ಅದನ್ನು ಬರೆದ ಕೈ ನಿನ್ನದು ಮಾತ್ರ.

ಜುಲೈ ೧೨

ಅಕ್ಕಾ,

ಮೇಸ್ತ್ರಿ ಎಂಟು ದಿನ ರಜೆ ಕೊಟ್ಟಿದ್ದಾನೆ. ಬಸ್ಸಿನ ಟಿಕೆಟು ತೆಗೆದಿಟ್ಟಿದ್ದೇನೆ. ಕಚೇರಿಗೆ ಬಂದು ಹೇಳಿಕೆ ಕೊಡುತ್ತೇನೆ, ಗಾಡಿ ನಿನ್ನ ದುಡ್ಡಿನದು ಎಂದು ನನಗೆ ಗೊತ್ತು. ನಿನ್ನ ಬಾಗಿಲ ಒಳಗೆ ಕರೆಯಬೇಡ. ಹೊರಗೆ ನಿಂತು ಹೇಳಿ ಹೋಗುತ್ತೇನೆ. ಬರಲೆ?

ಸೆಪ್ಟೆಂಬರ್ ೨

ಅಕ್ಕಾ,

ನೀನು ಬರೆಯಲಿಲ್ಲ. ಟಿಕೆಟ್ಟಿನ ದಿನ ಬಸ್ ನಿಲ್ದಾಣಕ್ಕೆ ಹೋಗಿ, ಬಸ್ಸು ಹೊರಡುವುದನ್ನು ನೋಡಿ ತಿರುಗಿ ಬಂದೆ. ಕರೆಯದೆ ಬರುವ ಧೈರ್ಯ ಒಂದು ಸಲ ಮಾಡಿದ್ದೆ, ಅಮ್ಮ ಸತ್ತ ಮೇಲೆ ಪೆಟ್ಟಿಗೆ ಹಿಡಿದುಕೊಂಡು ನಿನ್ನ ಮನೆಗೆ ಬಂದೆನಲ್ಲ, ಆಗ. ನೀನು ನಿನ್ನ ಹಾಸಿಗೆಯಲ್ಲೇ ಜಾಗ ಬಿಟ್ಟುಕೊಟ್ಟೆ. ಅದಕ್ಕೆ ನಾನು ಏನು ಮಾಡಿದೆ ಎಂದು ಇಬ್ಬರಿಗೂ ಗೊತ್ತು.

ಕೆಲಸ ಏನಾದರೂ ಸಿಕ್ಕಿತೆ? ಅಷ್ಟಾದರೂ ತಿಳಿಸು.

ನವೆಂಬರ್ ೧೮

ತಂಗಿಗೆ,

ಕೆಲಸ ಸಿಕ್ಕಿದೆ. ಲಾಂಡ್ರಿಯವರ ವ್ಯಾನು ಓಡಿಸುತ್ತೇನೆ. ಅದೇ ಆಸ್ಪತ್ರೆ, ಅದೇ ಗಂಟು, ಗಾಡಿ ಮಾತ್ರ ಬೇರೆಯವರದು. ಹೇಳಿಕೆ ಬೇಕಾಗಿಲ್ಲ. ಅವನು ಪಿಕಪ್ಪನ್ನು ವಾರದೊಳಗೇ ಒಬ್ಬ ಗಾಜಿನ ವ್ಯಾಪಾರಿಗೆ ಮಾರಿ ಮತ್ತೆ ಎಲ್ಲೋ ಹೋದ. ಕೊಂಡವನ ತಪ್ಪೇನಿಲ್ಲ, ಕಾಗದ ಸರಿಯಾಗಿತ್ತು. ವಕೀಲರೊಬ್ಬರನ್ನು ಕೇಳಿದೆ, ಗೆಲ್ಲುವಷ್ಟರಲ್ಲಿ ಗಾಡಿ ಮಣ್ಣಾಗಿರುತ್ತದೆ ಅಂದರು.

ಹೋದ ಬುಧವಾರ ಏರಿನ ನಡುವೆ ಒಂದು ನೀಲಿ ಪಿಕಪ್ಪು ಬಾನೆಟ್ ತೆರೆದುಕೊಂಡು ನಿಂತಿತ್ತು, ಆವಿ ಏಳುತ್ತಿತ್ತು, ಹಿಂದೆ ಗಾಜಿನ ಹಲಗೆಗಳು. ಬಣ್ಣ ಬದಲಾದರೂ ನನಗೆ ಗುರುತು ಸಿಗದೆ ಇರುತ್ತದೆಯೆ. ದಾಟಿ ಮುಂದೆ ಹೋದೆ. ಹೋಗಲಿ, ಸುಟ್ಟುಹೋಗಲಿ ಅಂದುಕೊಂಡೆ. ತಿರುವಿನಲ್ಲಿ ವ್ಯಾನು ನಿಲ್ಲಿಸಿ ಸ್ವಲ್ಪ ಹೊತ್ತು ಕೂತೆ. ಆಮೇಲೆ ಸ್ಪ್ಯಾನರುಗಳ ಚೀಲ ಹಿಡಿದುಕೊಂಡು ಇಳಿದು ಹೋದೆ.

ಡ್ರೈವರು ವಯಸ್ಸಾದವನು. "ಫ್ಯಾನೇ ತಿರುಗ್ತಿಲ್ಲಮ್ಮ. ಮೊನ್ನೆ ಪೇಂಟ್ ಮಾಡಿಸಿ ತಂದಾಗಿನಿಂದ ಹೀಗೇ" ಅಂದ. ಪೇಂಟು ಅಂದ ಕೂಡಲೆ ತಿಳಿಯಿತು. ಫ್ಯಾನಿನ ಕಪ್ಪು ವೈರು ಗಾಡಿಯ ಚೌಕಟ್ಟಿಗೆ ಕೂರುವ ಜಾಗ ನೋಡಿದೆ. ಬಣ್ಣ ಹೊಡೆಯುವಾಗ ಬಿಚ್ಚಿ, ಆಮೇಲೆ ದಪ್ಪ ಬಣ್ಣದ ಮೇಲೆಯೇ ತಿರುಪು ಬಿಗಿದಿದ್ದಾರೆ. ಕಬ್ಬಿಣಕ್ಕೆ ತಾಗದೆ ಕರೆಂಟು ಎಲ್ಲಿ ಹೋಗಬೇಕು? ಅವನ ಕೀ ತೆಗೆಸಿ ನನ್ನ ಜೇಬಿಗೆ ಹಾಕಿಕೊಂಡು, ತಿರುಪು ಬಿಚ್ಚಿ, ಬಣ್ಣ ಕೆರೆದು, ಬಿಗಿ ಮಾಡಿದೆ. ಕೀ ಹಾಕಿಸಿದೆ. ತಿರುಗಿತು. ಗಾಜುಗಳೆಲ್ಲ ಸಣ್ಣಗೆ ಅದುರಿದವು.

"ಗ್ಯಾರೇಜಿನವರಿಗೇ ಗೊತ್ತಾಗ್ಲಿಲ್ಲ. ನಿಮಗೆ ಹೇಗೆ ಗೊತ್ತಾಯ್ತಮ್ಮ?" ಅಂದ.

"ಈ ಫ್ಯಾನು ಹಾಕಿದ್ದು ನಾನು."

"ಹೌದಾ! ಯಾರು ಹೇಳಿಕೊಟ್ರು?"

"ನನ್ನ ತಂಗಿ" ಅಂದೆ.

ಬಾಯಿತಪ್ಪಿ ಬಂದ ಮಾತು. ಅದನ್ನೇ ಹಿಡಿದುಕೊಂಡು ಬಸ್ಸು ಹತ್ತಬೇಡ. ನಿನ್ನನ್ನು ಎದುರಿಗೆ ಕೂರಿಸಿಕೊಂಡು ಏನು ಮಾತಾಡಬೇಕು ಎಂದು ನನಗಿನ್ನೂ ತಿಳಿದಿಲ್ಲ. ತಿಳಿದರೆ ಬರೆಯುತ್ತೇನೆ. ತಿಳಿಯದೆಯೂ ಹೋಗಬಹುದು.